ಒಟೊನಬಿಯ ಜನ ಎಲ್ಲಿಗೆ ಹೋದರು?

ಪ್ರಶ್ನೆ: ಮಗನ ಮನೆಗೆಂದು ಕೆನಡಾದ ಪೀಟರ್‌ಬರೋಗೆ ಹೋಗಿದ್ದೆವು. ಪೇಟೆ ದಾಟಿದರೆ ಒಟೊನಬಿ ಟೌನ್‌ಶಿಪ್, ಅಂದರೆ ನಮ್ಮ ಹೋಬಳಿಯಂಥ ಹಳ್ಳಿಗಾಡು. ಕಾರಿನಲ್ಲಿ ಎಷ್ಟು ದೂರ ಹೋದರೂ ಹೊಲ, ಅಲ್ಲೊಂದು ಇಲ್ಲೊಂದು ಮನೆ. ಹತ್ತೊಂಬತ್ತನೇ ಶತಮಾನದಲ್ಲಿ ಇಲ್ಲಿ ರೈತ ಕುಟುಂಬಗಳು ಈಗಿಗಿಂತ ಎಷ್ಟೋ ಜಾಸ್ತಿ ಇದ್ದವಂತೆ. ಇಷ್ಟು ಒಳ್ಳೆ ಜಮೀನು ಬಿಟ್ಟು ಜನ ಯಾಕೆ ಹೋದರು? ಬೇಸಾಯ ಕೈಕೊಟ್ಟಿತೇ?
— ಓದುಗರು, ದಾವಣಗೆರೆ

ಉತ್ತರ: ಬೇಸಾಯ ಕೈಕೊಡಲಿಲ್ಲ. ಹೊಲ ಹಸನಾಗಿ, ಗೋಧಿ ದುಡ್ಡು ತರಲು ಶುರುವಾದ ಮೇಲೆಯೇ ಜನ ಹೊರಟರು. ವಿಚಿತ್ರ ಅನ್ನಿಸುತ್ತದೆ, ಅಲ್ವಾ? ನನ್ನ ಮಗಳ ಮನೆಯೂ ಅದೇ ಸೀಮೆಯಲ್ಲಿದೆ. ನಾನು ಸರ್ಕಾರಿ ಶಾಲೆಯ ಟೀಚರ್ ಆಗಿದ್ದಾಗ ಜನಗಣತಿಗೆ ಮನೆಮನೆ ಸುತ್ತಿದವಳು. ಅಲ್ಲಿಗೆ ಹೋದಾಗಲೆಲ್ಲ ಹಳೆಯ ಗಣತಿ ಹಾಳೆಗಳನ್ನು ನೋಡದೆ ಬರುವುದಿಲ್ಲ. ಆ ಹಾಳೆಗಳ ಮೇಲೆ ನನಗೆ ತುಂಬಾ ಪ್ರೀತಿ. ಅದಕ್ಕೇ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಮೊದಲು ಆ ಒಂಟಿ ಮನೆಗಳ ವಿಷಯ. ನಮ್ಮಲ್ಲಿ ಮನೆಗಳು ಊರೊಳಗೆ, ಹೊಲ ಊರಾಚೆ. ಅಲ್ಲಿ ಹಾಗಿಲ್ಲ. ಜನ ಬರುವ ಮೊದಲೇ ಸರ್ಕಾರದ ಅಳತೆಯವರು ಬಂದು, 66 ಅಡಿ ಉದ್ದದ ಸರಪಳಿ ಹಿಡಿದು, ಕಾಡಿನ ಮೇಲೆ ನೇರ ಗೆರೆ ಎಳೆದರು. ಆ ಸಾಲುಗಳಿಗೆ ಕನ್ಸೆಷನ್ ಅಂತ ಹೆಸರು. ಪ್ರತಿ ಸಾಲನ್ನು ತುಂಡು ಮಾಡಿ ನಂಬರ್ ಕೊಟ್ಟರು. ಒಂದು ತುಂಡು ಸಾಮಾನ್ಯವಾಗಿ 200 ಎಕರೆ. ಹೆಚ್ಚಿನವರಿಗೆ ಸಿಕ್ಕಿದ್ದು ಅದರ ಅರ್ಧ. ಮನೆ ಕಟ್ಟಿದ್ದು ಅವರವರ ಜಮೀನಿನಲ್ಲೇ. ಪಕ್ಕದ ಮನೆ ಆಗಲೂ ದೂರವೇ ಇತ್ತು. ನೀವು ಕಾರಿನಲ್ಲಿ ಹೋದ ನೇರ ರಸ್ತೆಗಳು ಆ ಸರಪಳಿ ಎಳೆದ ಗೆರೆಗಳೇ. ರಸ್ತೆಗೆ ಬಿಟ್ಟ ಅಗಲವೂ ಒಂದು ಸರಪಳಿ.

ಕಾಡು ಅಂದೆ. ಆದರೆ ಅದು ಯಾರೂ ಇಲ್ಲದ ಕಾಡಲ್ಲ. ಅದು ಅಲ್ಲಿನ ಮೂಲನಿವಾಸಿಗಳಾದ ಮಿಸಿಸಾಗ ಜನರ ನೆಲ. 1818ರ ನವೆಂಬರ್‌ನಲ್ಲಿ ಆದ ಒಪ್ಪಂದದಲ್ಲಿ ಸುಮಾರು 19 ಲಕ್ಷ ಎಕರೆ ಬ್ರಿಟಿಷರ ಕೈಗೆ ಹೋಯಿತು. ಅದಕ್ಕೆ ಬದಲಾಗಿ ವರ್ಷಕ್ಕೆ 740 ಪೌಂಡ್ ಬೆಲೆಯ ಸಾಮಾನು ಕೊಡುವ ಮಾತಾಯಿತು. ಇದು ತೀರಾ ಅನ್ಯಾಯದ ಲೆಕ್ಕ ಅಂತಲೇ ನನ್ನ ಅಭಿಪ್ರಾಯ. ಟೌನ್‌ಶಿಪ್‌ನ ದಕ್ಷಿಣದಲ್ಲಿರುವ ರೈಸ್ ಲೇಕ್‌ನಲ್ಲಿ ಆ ಜನ ಕಾಡು ಅಕ್ಕಿ ಕುಯ್ಯುತ್ತಿದ್ದರು. ದೋಣಿಯಲ್ಲಿ ಕೂತು, ತೆನೆ ಬಗ್ಗಿಸಿ, ಕೋಲಿನಿಂದ ಬಡಿದು ಕಾಳು ಉದುರಿಸಿಕೊಳ್ಳುತ್ತಿದ್ದರು. ಆಮೇಲೆ ಕಟ್ಟಿದ ಅಣೆಕಟ್ಟುಗಳಿಂದ ಕೆರೆಯ ನೀರು ಏರಿ ಆ ಬೆಳೆಯ ಬಹುಪಾಲು ಮುಳುಗಿತು. ಅವರ ಊರು ಹಯವಾಥಾ ಇವತ್ತಿಗೂ ಅದೇ ದಡದಲ್ಲಿದೆ. ಮುಂದಿನ ಸಲ ಹೋದಾಗ ದಯವಿಟ್ಟು ಅಲ್ಲಿಗೂ ಹೋಗಿ ಬನ್ನಿ.

1825ರಲ್ಲಿ ಪೀಟರ್ ರಾಬಿನ್ಸನ್ ಎಂಬ ಅಧಿಕಾರಿಯ ಉಸ್ತುವಾರಿಯಲ್ಲಿ ಐರ್ಲೆಂಡಿನ ಕಾರ್ಕ್ ಬಂದರಿನಿಂದ 2,024 ಬಡವರು ಹಡಗು ಹತ್ತಿದರು. ಪೀಟರ್‌ಬರೋ ಎಂಬ ಹೆಸರೂ ಅವನದೇ. ಅವರಲ್ಲಿ ಒಂದಷ್ಟು ಜನ ಒಟೊನಬಿಗೂ ಬಂದರು. ಸ್ಕಾಟ್ಲೆಂಡಿನವರೂ ಬಂದರು. ರಾಬಿನ್ಸನ್ನನ ಒಂದೊಂದು ಕುಟುಂಬಕ್ಕೆ ಕೊಟ್ಟ ಸಾಮಾನಿನ ಪಟ್ಟಿ ಉಳಿದಿದೆ: ಒಂದು ಹಸು, ಒಂದು ಕೊಡಲಿ, ಕೈಗರಗಸ, ಸುತ್ತಿಗೆ, ನೂರು ಮೊಳೆ, ಮೂರು ಗುದ್ದಲಿ, ಒಂದು ಬಾಣಲೆ, ಒಂದು ಕಬ್ಬಿಣದ ಪಾತ್ರೆ, ಬಿತ್ತನೆಗೆ ಐದು ಬುಶೆಲ್ (ಕಾಳುಕಡ್ಡಿ ಅಳೆಯುವ ಹಳೆಯ ಅಳತೆ) ಆಲೂಗೆಡ್ಡೆ, ಒಂದಿಷ್ಟು ಮುಸುಕಿನ ಜೋಳ. ಇಷ್ಟು ಹಿಡಿದು ದಟ್ಟ ಕಾಡಿಗೆ ಹೋಗಿ ಅಂದರು. ಬಂದ ಹೊಸದರಲ್ಲೇ ಚಳಿಜ್ವರ ಎಷ್ಟೋ ಜನರನ್ನು ತೆಗೆದುಕೊಂಡು ಹೋಯಿತು.

ಮರ ಕಡಿಯುವುದೇ ದೊಡ್ಡ ಬೇಸಾಯ. ಮೇಪಲ್, ಬೀಚ್, ಎಲ್ಮ್, ಪೈನ್ ಎಲ್ಲ ದೈತ್ಯ ಮರಗಳು. ಒಂದು ಕುಟುಂಬ ವರ್ಷವಿಡೀ ದುಡಿದರೂ ನಾಲ್ಕೈದು ಎಕರೆ ತೆರವಾದರೆ ಹೆಚ್ಚು. ದಿಮ್ಮಿ ಗುಡ್ಡೆ ಹಾಕಿ ಸುಡುತ್ತಿದ್ದರು. ಆ ಬೂದಿಯನ್ನೂ ಬಿಡುತ್ತಿರಲಿಲ್ಲ. ನೀರು ಹಾಯಿಸಿ, ಬಸಿದು, ದೊಡ್ಡ ಕಡಾಯಿಯಲ್ಲಿ ಕಾಯಿಸಿ ಪೊಟ್ಯಾಶ್ ಮಾಡಿ ಮಾರುತ್ತಿದ್ದರು. ಇಂಗ್ಲೆಂಡಿನ ಸೋಪಿಗೂ ಗಾಜಿಗೂ ಅದು ಬೇಕಿತ್ತು. ಎಷ್ಟೋ ಕುಟುಂಬಗಳು ಮೊದಲು ರೊಕ್ಕ ಕಂಡಿದ್ದು ಬೆಳೆಯಿಂದಲ್ಲ, ಬೂದಿಯಿಂದ. ಮರದ ಬೊಡ್ಡೆಗಳು ಕೊಳೆಯಲು ವರ್ಷಗಟ್ಟಲೆ ಬೇಕು. ಅಲ್ಲಿಯವರೆಗೆ ಅವುಗಳ ನಡುವೆಯೇ ಗೋಧಿ ಎರಚುತ್ತಿದ್ದರು. ದಿಮ್ಮಿ ಉರುಳಿಸಲು, ಕೊಟ್ಟಿಗೆಯ ಚೌಕಟ್ಟು ಎತ್ತಿ ನಿಲ್ಲಿಸಲು ಅಕ್ಕಪಕ್ಕದವರು ಸೇರುತ್ತಿದ್ದರು. ಪಕ್ಕಾ ನಮ್ಮ ಮುಯ್ಯಾಳು ಪದ್ಧತಿ. ಇವತ್ತು ನಿನಗೆ, ನಾಳೆ ನನಗೆ. ಊಟ ಮಾತ್ರ ಆ ಮನೆಯವರದು.

ಈಗ ಸಂಖ್ಯೆಗೆ ಬರೋಣ. ಪೀಟರ್‌ಬರೋ ಇರುವ, ಇವತ್ತು ಒಂಟಾರಿಯೊ ಎನ್ನುವ ಪ್ರಾಂತ್ಯದಲ್ಲಿ 1851ರ ಗಣತಿಯಲ್ಲಿ 9,52,004 ಜನ ಇದ್ದರು. 1861ಕ್ಕೆ 13,96,091. ಹತ್ತೇ ವರ್ಷದಲ್ಲಿ ಅರ್ಧದಷ್ಟು ಏರಿಕೆ! ಅದು ಗೋಧಿಯ ದಶಕ. 1854ರಲ್ಲಿ ಅಮೆರಿಕದ ಜೊತೆ ಸುಂಕವಿಲ್ಲದ ವ್ಯಾಪಾರದ ಒಪ್ಪಂದವಾಯಿತು. ಅದೇ ಹೊತ್ತಿಗೆ ಕ್ರೈಮಿಯಾ ಯುದ್ಧದಿಂದ ರಷ್ಯಾದ ಗೋಧಿ ಬರುವುದು ತಪ್ಪಿ ಬೆಲೆ ಏರಿತು. ದಿಮ್ಮಿ ಮನೆಗಳ ಜಾಗದಲ್ಲಿ ಇಟ್ಟಿಗೆಯ ಮನೆ, ಕಲ್ಲಿನ ಮನೆ ಎದ್ದವು. ನೀವು ನೋಡಿದ ಚಂದದ ಹಳೆ ಮನೆಗಳು ಬಹಳಷ್ಟು ಆ ಕಾಲದಿಂದ ಈಚಿನವು.

ಈಗ 1891 ನೋಡಿ: 21,14,321. 1901ಕ್ಕೆ 21,82,947. ಹತ್ತು ವರ್ಷದಲ್ಲಿ ಇಡೀ ಪ್ರಾಂತ್ಯಕ್ಕೆ ಸೇರಿದ್ದು 70 ಸಾವಿರಕ್ಕೂ ಕಡಿಮೆ. ಅದೂ ಪೇಟೆಗಳ ಲೆಕ್ಕಕ್ಕೆ. 1851ರಲ್ಲಿ 30,775 ಜನರಿದ್ದ ಟೊರಾಂಟೊ 1901ಕ್ಕೆ 2,08,040 ಆಗಿತ್ತು. ಹಳ್ಳಿಗಾಡಿನ ಟೌನ್‌ಶಿಪ್‌ಗಳು ಒಂದೊಂದಾಗಿ ಇಳಿಮುಖವಾಗಿದ್ದವು.

ಕಾರಣ ಜಮೀನಿನಲ್ಲೇ ಇದೆ. ನೂರು ಎಕರೆ ಅಂದರೆ ನಮಗೆ ಜಮೀನ್ದಾರಿಕೆ. ಅಲ್ಲಿ ವರ್ಷಕ್ಕೆ ಒಂದೇ ಬೆಳೆ, ಉದ್ದನೆಯ ಚಳಿಗಾಲ. ದನಗಳಿಗೆ ಅಷ್ಟೂ ತಿಂಗಳಿನ ಹುಲ್ಲು ಕೂಡಿಡಬೇಕು, ಸೌದೆಗೆ ಒಂದು ತುಂಡು ಕಾಡು ಬಿಡಬೇಕು. ನೂರು ಎಕರೆ ಒಂದು ಕುಟುಂಬಕ್ಕಷ್ಟೇ ಸಾಕು. ಮಕ್ಕಳೋ ಏಳೆಂಟು. ಅವರು ನಮ್ಮ ಹಾಗೆ ಹಿಸ್ಸೆ ಮಾಡಿ ಎಲ್ಲರಿಗೂ ಪಟ್ಟಿ ಪಟ್ಟಿ ಹಂಚಲಿಲ್ಲ. ಸಾಮಾನ್ಯವಾಗಿ ಒಬ್ಬ ಮಗನಿಗೆ ಹೊಲ ಬರೆದರು. ಅವನು ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ ಇಷ್ಟಿಷ್ಟು ಹಣ ಕೊಡಬೇಕು ಅಂತ ವಿಲ್‌ನಲ್ಲಿ ಕಟ್ಟು ಹಾಕಿದರು. ಉಳಿದ ಗಂಡುಮಕ್ಕಳು ಬೇರೆ ನೆಲ ಹುಡುಕಬೇಕು. 1860ರ ಹೊತ್ತಿಗೆ ಹತ್ತಿರದಲ್ಲಿ ಒಳ್ಳೆಯ ನೆಲ ಉಳಿದಿರಲಿಲ್ಲ. ಪೀಟರ್‌ಬರೋ ದಾಟಿ ಉತ್ತರಕ್ಕೆ ಹೋದರೆ ಬರೀ ಬಂಡೆ. ಕೆಲವರು ಅಮೆರಿಕದ ಮಿಷಿಗನ್ ಕಡೆ ಹೋದರು. 1872ರ ಕಾನೂನು ಕೆನಡಾದ ಪಶ್ಚಿಮದ ಬಯಲಿನಲ್ಲಿ 160 ಎಕರೆಯನ್ನು 10 ಡಾಲರ್ ಶುಲ್ಕಕ್ಕೆ ಕೊಡತೊಡಗಿತು. ಮೂರು ವರ್ಷ ಅಲ್ಲೇ ಇದ್ದು ಉತ್ತು ತೋರಿಸಿದರೆ ಜಮೀನು ಅವರದು. ಕಡಿಯಲು ಒಂದು ಮರವೂ ಇಲ್ಲದ ಬಯಲು! 1885ರಲ್ಲಿ ಪಶ್ಚಿಮಕ್ಕೆ ಹೋಗುವ ರೈಲು ಹಳಿಯೂ ಪೂರ್ತಿಯಾಯಿತು. ಹುಡುಗರು ಹೋಗದೆ ಇರುತ್ತಾರೆಯೇ?

ಇಲ್ಲಿ ಒಟೊನಬಿಯದೇ ಒಂದು ದೊಡ್ಡ ಪಾತ್ರವಿದೆ. ಡೇವಿಡ್ ಫೈಫ್ ಎಂಬ ಸ್ಕಾಟಿಷ್ ರೈತ ಇದೇ ಟೌನ್‌ಶಿಪ್‌ನವನು. 1842ರಲ್ಲಿ ಗ್ಲಾಸ್ಗೋದ ಗೆಳೆಯನೊಬ್ಬ ಅವನಿಗೆ ಸ್ವಲ್ಪ ಗೋಧಿ ಬೀಜ ಕಳಿಸಿದ. ಬಾಲ್ಟಿಕ್ ಸಮುದ್ರದ ಬಂದರು ಡ್ಯಾನ್ಜಿಗ್‌ನಿಂದ ಬಂದ ಹಡಗಿನ ಕಾಳು ಅದು. ವಸಂತದಲ್ಲಿ ಬಿತ್ತಿದರೆ ಹೆಚ್ಚಿನವು ಮಾಗಲೇ ಇಲ್ಲ. ಒಂದೇ ಕಾಳಿನಿಂದ ಬಂದ ಮೂರು ತೆನೆ ಮಾತ್ರ ಮಾಗಿದವು. ಅದನ್ನೂ ಹಸು ತಿನ್ನಲು ಬಂದಿತ್ತು, ಹೆಂಡತಿ ಓಡಿಸಿದಳು ಅಂತ ಆ ಮನೆತನದವರು ಹೇಳುತ್ತಾ ಬಂದಿದ್ದಾರೆ. ಆ ಕಾಳನ್ನು ಮತ್ತೆ ಬಿತ್ತಿದಾಗ, ಸುತ್ತಲಿನ ಹೊಲಗಳೆಲ್ಲ ತುಕ್ಕು ರೋಗದಿಂದ ಹಾಳಾದರೂ ಇದು ಚೆನ್ನಾಗಿ ನಿಂತಿತು. ಅದೇ ರೆಡ್ ಫೈಫ್. ಪಶ್ಚಿಮದ ಬಯಲಿನಲ್ಲಿ ಸರಿಯಾಗಿ ಹಿಡಿದ ಗೋಧಿ ಅದು. 1876ರಲ್ಲಿ ಆ ಬಯಲಿನ ಮ್ಯಾನಿಟೋಬಾ ಪ್ರಾಂತ್ಯದಿಂದ ಮೊದಲ ಸಲ 857 ಬುಶೆಲ್ ಗೋಧಿ ಹೊರಟು, ಬಿತ್ತನೆ ಬೀಜಕ್ಕಾಗಿ ಟೊರಾಂಟೊಗೇ ಬಂತು. ಒಟೊನಬಿಯ ಬೀಜ ಪಶ್ಚಿಮಕ್ಕೆ ಹೋಯಿತು, ಅದರ ಹಿಂದೆಯೇ ಪೂರ್ವದ ಹುಡುಗರೂ ಹೋದರು. ಈ ಕಥೆಯಲ್ಲಿ ನನ್ನನ್ನು ಬಹಳ ಹಿಡಿದಿಟ್ಟ ಭಾಗ ಇದು.

ನಮ್ಮ ದೇಶದ ಪಾಲೂ ಇದೆ. ರೆಡ್ ಫೈಫ್ ಮಾಗುವುದು ತಡ. ಬಯಲಿನಲ್ಲಿ ಬೇಗ ಬೀಳುವ ಹಿಮಕ್ಕೆ ಸಿಕ್ಕಿಬಿಡುತ್ತಿತ್ತು. ಅದಕ್ಕೆ ಭಾರತದಿಂದ ಹೋದ ಹಾರ್ಡ್ ರೆಡ್ ಕಲ್ಕತ್ತಾ ಎಂಬ ಬೇಗ ಮಾಗುವ ಗೋಧಿಯ ಜೊತೆ ತಳಿ ಕೂಡಿಸಿದರು. ಕೆನಡಾದ ಸರ್ಕಾರಿ ತಳಿ ವಿಜ್ಞಾನಿ ಚಾರ್ಲ್ಸ್ ಸಾಂಡರ್ಸ್ ಅದರಿಂದ ಆರಿಸಿ ತೆಗೆದ ತಳಿಯೇ ಮಾರ್ಕ್ವಿಸ್. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಅದು ಕೆನಡಾದ ಬಯಲನ್ನೆಲ್ಲ ತುಂಬಿತು.

ಉಳಿದವರು ಏನು ಮಾಡಿದರು ಅಂತಲೂ ಹೇಳಬೇಕು. ಬಯಲಿನ ಗೋಧಿಯ ಜೊತೆ ಸ್ಪರ್ಧೆ ಕಷ್ಟ ಅಂತ ಗೊತ್ತಾದ ಮೇಲೆ ಅವರು ಹೈನಿಗೆ ತಿರುಗಿದರು. 1864ರಲ್ಲಿ ಒಂಟಾರಿಯೊದ ನಾರ್ವಿಚ್ ಟೌನ್‌ಶಿಪ್‌ನಲ್ಲಿ ಹಾರ್ವಿ ಫ್ಯಾರಿಂಗ್ಟನ್ ಎಂಬಾತ ಕೆನಡಾದ ಮೊದಲ ಚೀಸ್ ಕಾರ್ಖಾನೆ ತೆರೆದ. ಆಮೇಲೆ ಊರೂರಿಗೂ ಒಂದು ಕಾರ್ಖಾನೆ ಬಂತು. 1904ರಲ್ಲಿ ಕೆನಡಾ ಹೊರಗೆ ಕಳಿಸಿದ ಚೀಸ್ ತೂಕದಲ್ಲಿ 23 ಕೋಟಿ ಪೌಂಡಿಗೂ ಜಾಸ್ತಿ. ಕಡಿಮೆ ಜನ, ಜಾಸ್ತಿ ದನ, ಜಾಸ್ತಿ ಹುಟ್ಟುವಳಿ. ಗಣತಿಯಲ್ಲಿ ತಲೆ ಎಣಿಕೆ ಇಳಿದ ಊರನ್ನು ಸೋತ ಊರು ಅಂತ ಸುಮ್ನೆ ತೀರ್ಮಾನ ಮಾಡಬಾರದು.

ಪ್ರಶ್ನೆ: ಆಗಿನ ಕೆನಡಾದ ಗಣತಿಯಲ್ಲಿ ಹೊಲ, ದನ ಎಲ್ಲ ಎಣಿಸುತ್ತಿದ್ದರು ಅಂತ ನೀವು ಹಿಂದೊಮ್ಮೆ ಬರೆದಿದ್ದಿರಿ. ಹೆಂಗಸರ ದುಡಿಮೆಯನ್ನೂ ಬರೆದಿದ್ದಾರಾ?
— ಓದುಗರು, ಶಿರಸಿ

ಉತ್ತರ: ಬರೆದಿದ್ದಾರೆ, ಆದರೆ ಗಂಡನ ಹೆಸರಿನ ಸಾಲಿನಲ್ಲಿ. 1861ರ ಬೇಸಾಯದ ಪಟ್ಟಿ ತೆಗೆದರೆ ಎಡಗಡೆ ಮನೆಯ ಯಜಮಾನನ ಹೆಸರು. ಮುಂದೆ ಉತ್ತ ಎಕರೆ, ಹುಲ್ಲುಗಾವಲು, ಕಾಡು, ತೋಟ, ಗೋಧಿ, ಬಟಾಣಿ, ಓಟ್ಸ್. ಕಣ್ಣು ಬಲಕ್ಕೆ ಓಡಿಸುತ್ತಾ ಹೋಗಿ. ಬೆಣ್ಣೆ ಇಷ್ಟು ಪೌಂಡ್, ಚೀಸ್ ಇಷ್ಟು, ಉಣ್ಣೆ ಇಷ್ಟು, ಮನೆಯಲ್ಲಿ ನೇಯ್ದ ಬಟ್ಟೆ ಇಷ್ಟು ಗಜ, ಮೇಪಲ್ ಸಕ್ಕರೆ ಇಷ್ಟು. ಕಾರ್ಖಾನೆ ಬರುವ ಮೊದಲು ಹಾಲು ಕರೆಯುವುದು, ಕೆನೆ ತೆಗೆಯುವುದು, ಬೆಣ್ಣೆ ಕಡೆಯುವುದು ಹೆಚ್ಚಾಗಿ ಹೆಂಗಸರ ಕೆಲಸ. ಆ ಬೆಣ್ಣೆಯನ್ನು ಅಂಗಡಿಗೆ ಕೊಟ್ಟು ಚಹಾ, ಬಟ್ಟೆ, ಉಪ್ಪು ತರುತ್ತಿದ್ದರು. ಜನರ ಪಟ್ಟಿಯಲ್ಲಿ ಅದೇ ಹೆಂಗಸಿನ ಕಸುಬಿನ ಜಾಗ ಮಾತ್ರ ಖಾಲಿ. ನಾನೂ ಎಷ್ಟೋ ಮನೆಯ ಜಗುಲಿಯಲ್ಲಿ ಕೂತು, ಬೆಳಗ್ಗೆಯಿಂದ ಕೊಟ್ಟಿಗೆಯಲ್ಲಿದ್ದ ಹೆಂಗಸಿನ ಮುಂದೆಯೇ ‘ಮನೆಗೆಲಸ’ ಅಂತ ಬರೆಸಿಕೊಂಡಿದ್ದೇನೆ. ಆ ಖಾಲಿ ಜಾಗ ನೋಡಿದಾಗ ಸಂಕಟವಾಗುತ್ತದೆ.

ಗಂಡ ಸತ್ತರೆ ಏನು ಸಿಗುತ್ತಿತ್ತು ಎಂಬುದು ವಿಲ್‌ಗಳಲ್ಲಿದೆ. ಮಗನಿಗೆ ಹೋದ ಮನೆಯಲ್ಲಿ ಅವಳಿಗೆ ಒಂದು ಕೋಣೆ, ಒಂದು ಹಸು ಮತ್ತು ಅದರ ಮೇವು, ಒಲೆಗೆ ಸೀಳಿ ಕೊಟ್ಟ ಸೌದೆ, ಹಿಟ್ಟು, ಆಲೂಗೆಡ್ಡೆ. ಇಂಥ ಪಟ್ಟಿ ಎಷ್ಟೋ ವಿಲ್‌ಗಳಲ್ಲಿ ಕಾಣುತ್ತದೆ. ಮರುಮದುವೆ ಆದರೆ ಅದೂ ಇಲ್ಲ ಎಂಬ ಷರತ್ತೂ ಹಲವದರಲ್ಲಿ ಇರುತ್ತಿತ್ತು. ಅವಳ ಹೊಟ್ಟೆಪಾಡು ಕಾಗದದ ಮೇಲೆ ಭದ್ರವಾಗಿತ್ತು, ನಿಜ. ಜೊತೆಗೇ ಕಾಡು ಕಡಿದು ಹೊಲ ಮಾಡಿದವಳಿಗೆ ಆ ಹೊಲ ಬರಲಿಲ್ಲ.

ಪ್ರಶ್ನೆ: ನಮ್ಮ ಮ್ಯಾಸಿ ಫರ್ಗ್ಯೂಸನ್ ಟ್ರ್ಯಾಕ್ಟರ್‌ನ ಮೂಲ ಕೆನಡಾ ಅಂತಾರೆ. ಹೌದಾ?
— ಓದುಗರು, ಗಂಗಾವತಿ

ಉತ್ತರ: ಅರ್ಧ ಹೌದು. ಡೇನಿಯಲ್ ಮ್ಯಾಸಿ 1847ರಲ್ಲಿ ಒಂಟಾರಿಯೊದ ನ್ಯೂಕ್ಯಾಸಲ್ ಹತ್ತಿರ ಬೇಸಾಯದ ಸಲಕರಣೆ ಮಾಡುವ ಕಾರ್ಖಾನೆ ಶುರುಮಾಡಿದ. 1879ರಲ್ಲಿ ಅದು ಟೊರಾಂಟೊಗೆ ಹೋಯಿತು. 1891ರಲ್ಲಿ ಹ್ಯಾರಿಸ್ ಕಂಪನಿ ಜೊತೆ ಸೇರಿತು. 1953ರಲ್ಲಿ ಬ್ರಿಟನ್ನಿನ ಹ್ಯಾರಿ ಫರ್ಗ್ಯೂಸನ್‌ನ ಕಂಪನಿಯೂ ಕೂಡಿಕೊಂಡಿತು. ಇಲ್ಲಿ ಆ ಟ್ರ್ಯಾಕ್ಟರ್ ತಯಾರಿಸಿದ್ದು ಚೆನ್ನೈನ ಟಾಫೆ. ಮೊದಲ ಪ್ರಶ್ನೆಗೂ ಇದಕ್ಕೂ ನಂಟಿದೆ. ಉದ್ದ ಹಿಡಿಯ ಕತ್ತಿಯಿಂದ ಒಬ್ಬ ಆಳು ದಿನಕ್ಕೆ ಸುಮಾರು ಎರಡು ಎಕರೆ ಗೋಧಿ ಕುಯ್ದರೆ, ಕುದುರೆ ಎಳೆಯುವ ಕೊಯ್ಲು ಯಂತ್ರ ಹತ್ತು ಎಕರೆ ಮುಗಿಸುತ್ತಿತ್ತು. ಕೂಲಿಗೆ ಬರುತ್ತಿದ್ದವರಿಗೆ ಟೌನ್‌ಶಿಪ್‌ನಲ್ಲಿ ಕೆಲಸ ಕಡಿಮೆಯಾಯಿತು.

ಪ್ರಶ್ನೆ: ಮೊಮ್ಮಗಳು ಒಂಟಾರಿಯೊದ ಶಾಲೆಯಲ್ಲಿದ್ದಾಳೆ. ಅವಳ ಊರಿನ ಹಳೆಯ ರೈತರ ಬಗ್ಗೆ ಪ್ರಾಜೆಕ್ಟ್ ಮಾಡಬೇಕು. ಎಲ್ಲಿಂದ ಶುರು ಮಾಡಲಿ?
— ಓದುಗರು, ಮೈಸೂರು

ಉತ್ತರ: 1871ರ ಗಣತಿಯಿಂದ. ಅದರ ಪಟ್ಟಿಗಳೆಲ್ಲ ಉಳಿದಿವೆ. 1881, 1891ರದು ಜನರ ಹೆಸರಿನ ಪಟ್ಟಿ ಮಾತ್ರ ಸಿಗುತ್ತದೆ. ಕೆನಡಾದ ರಾಷ್ಟ್ರೀಯ ಗ್ರಂಥಾಲಯ ಮತ್ತು ಪತ್ರಾಗಾರದ ವೆಬ್‌ಸೈಟ್‌ನಲ್ಲಿ ದುಡ್ಡಿಲ್ಲದೆ ನೋಡಬಹುದು. ಒಂದು ಎಚ್ಚರ: 1871ರ ಬೆಳೆಯ ಪಟ್ಟಿಯಲ್ಲೂ ದನಗಳ ಪಟ್ಟಿಯಲ್ಲೂ ರೈತನ ಹೆಸರಿಲ್ಲ. ಹೆಸರಿನ ಪಟ್ಟಿಯ ಪುಟ ಎಷ್ಟು, ಸಾಲು ಎಷ್ಟು ಅಂತ ಮಾತ್ರ ಬರೆದಿರುತ್ತಾರೆ. ಮೊದಲು ಹೆಸರು ಹುಡುಕಿ, ಪುಟ ಮತ್ತು ಸಾಲು ಗುರುತು ಹಾಕಿಕೊಂಡು, ಆಮೇಲೆ ಬೆಳೆ ನೋಡಲಿ. 1870ರ ದಶಕದ ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ನಕ್ಷೆಗಳನ್ನು ಮೆಕ್‌ಗಿಲ್ ವಿಶ್ವವಿದ್ಯಾಲಯ ಅಂತರ್ಜಾಲದಲ್ಲಿ ಹಾಕಿದೆ. ಅದರಲ್ಲಿ ಎಷ್ಟೋ ತುಂಡು ಜಮೀನಿನ ಮೇಲೆ ಯಜಮಾನನ ಹೆಸರು ಅಚ್ಚಾಗಿದೆ. ಅವಳು ಆರಿಸಿದ ರೈತ ಯಾವ ಕನ್ಸೆಷನ್, ಯಾವ ತುಂಡಿನವನು ಅಂತ ಗೊತ್ತಾದರೆ, ಆ ಜಾಗಕ್ಕೇ ಹೋಗಿ ನೋಡಿಬರಬಹುದು.