ಕಿಟಕಿಯಲ್ಲಿಟ್ಟ ಆ ಲೋಟ ಮೊದಲು ಒಳಗೆ ಬರಲಿ

ಪ್ರಶ್ನೆ: ನನಗೆ 37 ವರ್ಷ. ಮೈಸೂರಿನಲ್ಲಿ ಗಂಡ, ಅತ್ತೆ, ಏಳು ವರ್ಷದ ಮಗನ ಜೊತೆ ಇದ್ದೇನೆ. ನಾನೂ ಕೆಲಸಕ್ಕೆ ಹೋಗುತ್ತೇನೆ. ಐದು ವರ್ಷದಿಂದ ಒಬ್ಬರೇ ನಮ್ಮ ಮನೆಗೆಲಸಕ್ಕೆ ಬರುತ್ತಿದ್ದಾರೆ. ಪಾತ್ರೆ, ಕಸ, ನೆಲ ಒರೆಸುವುದು ಎಲ್ಲಾ ಅವರದೇ. ಅವರಿಗೆ ಕಾಫಿ ಕೊಡುವ ಲೋಟವನ್ನು ಅತ್ತೆ ಹಿತ್ತಲ ಕಿಟಕಿಯಲ್ಲಿ ಬೇರೆ ಇಟ್ಟಿದ್ದಾರೆ. ದಿನಾ ನೋಡಿ ಸಂಕಟವಾಗುತ್ತದೆ. ಮಗನೂ ಅಜ್ಜಿಯನ್ನು ನೋಡಿ ಅವರನ್ನು ಏಕವಚನದಲ್ಲೇ ಕರೆಯುತ್ತಾನೆ. ನಾನು ಸೀರೆ, ಹಣ್ಣು, ಮಿಕ್ಕ ಅಡುಗೆ ಅಂತ ಏನಾದರೂ ಕೊಡುತ್ತಿರುತ್ತೇನೆ. ಈಗ ಮಗಳ ಕಾಲೇಜು ಫೀಸಿಗೆ 15,000 ರೂಪಾಯಿ ಕೇಳಿದ್ದಾರೆ. ‘ನೀನೇ ತಲೆ ಮೇಲೆ ಕೂರಿಸಿಕೊಂಡಿದ್ದೀಯ’ ಅಂತ ಗಂಡ ಬೈಯುತ್ತಾರೆ. ‘ನಿಮ್ಮಿಂದ ನಮ್ಮ ಮನೆ ಕೆಲಸದವರೂ ಜಾಸ್ತಿ ಕೇಳ್ತಾರೆ’ ಅಂತ ಪಕ್ಕದ ಮನೆಯವರಿಗೆ ಬೇಸರ. ಒಳ್ಳೆಯವಳಾಗಲು ಹೋಗಿ ನಾನು ಮೋಸ ಹೋಗುತ್ತಿದ್ದೇನಾ?
— ಹೆಸರು ಬೇಡ, ಮೈಸೂರು

ಉತ್ತರ: ಇಲ್ಲ, ನೀವು ಮೋಸ ಹೋಗುತ್ತಿಲ್ಲ. ಐದು ವರ್ಷ ನಿಮ್ಮ ಮನೆಯ ಎಂಜಲು ಪಾತ್ರೆ ತೊಳೆದವರು ಕಷ್ಟ ಬಂದಾಗ ನಿಮ್ಮ ಹತ್ತಿರ ಬಾಯಿಬಿಟ್ಟು ಕೇಳಿದ್ದಾರೆ. ಕೇಳುವುದು ಮೋಸ ಅಲ್ಲ. ದುಡ್ಡಿನ ಮಾತಿಗೆ ಆಮೇಲೆ ಬರುತ್ತೇನೆ.

ನಿಮ್ಮ ಪತ್ರ ಓದಿದಾಗಿನಿಂದ ನನ್ನನ್ನು ಕಾಡುತ್ತಿರುವುದು ಆ ಲೋಟ. ಅದನ್ನು ನೋಡಿ ಆಗುವ ಸಂಕಟವನ್ನು ನೀವು ಸೀರೆ ಕೊಟ್ಟು, ಹಣ್ಣು ಕೊಟ್ಟು ಕಡಿಮೆ ಮಾಡಿಕೊಳ್ಳುತ್ತಿದ್ದೀರಿ. ಕೊಟ್ಟ ದಿನ ನಿಮ್ಮ ಮನಸ್ಸು ಹಗುರಾಗುತ್ತದೆ, ನಿಜ. ಆದರೆ ಮಾರನೇ ದಿನ ಬೆಳಿಗ್ಗೆ ಅವರು ಮತ್ತೆ ಅದೇ ಕಿಟಕಿಯಿಂದ ತಮ್ಮ ಲೋಟ ತೆಗೆದುಕೊಳ್ಳಬೇಕು, ಕುಡಿದು ತೊಳೆದು ಅಲ್ಲೇ ಇಡಬೇಕು. ನೀವು ಉಣ್ಣುವ ತಟ್ಟೆಗಳನ್ನೆಲ್ಲ ತೊಳೆಯುವುದು ಆ ಕೈಯೇ. ಅವರು ತೊಳೆದ ತಟ್ಟೆ ನಡೆಯುತ್ತದೆ, ಅವರು ಕುಡಿದ ಲೋಟ ನಡೆಯುವುದಿಲ್ಲ. ಅವರಿಗೆ ಇದು ಅರ್ಥವಾಗುವುದಿಲ್ಲ ಅಂದುಕೊಂಡಿದ್ದೀರಾ? ಚೆನ್ನಾಗಿಯೇ ಅರ್ಥವಾಗುತ್ತದೆ. ಸುಮ್ನೆ ಇರುತ್ತಾರೆ, ಅಷ್ಟೇ.

ಹೋಟೆಲಿನಲ್ಲಿ ಎರಡು ಬಗೆಯ ಲೋಟ ಇಟ್ಟಿದ್ದಾರೆ ಅಂತ ಸುದ್ದಿ ಬಂದರೆ ನಾವೆಲ್ಲ ಸಿಟ್ಟಾಗುತ್ತೇವೆ. ಅಸ್ಪೃಶ್ಯತೆಯನ್ನು ಯಾವ ರೂಪದಲ್ಲೂ ಆಚರಿಸಬಾರದು ಎಂದು ಸಂವಿಧಾನದ 17ನೇ ವಿಧಿ ಹೇಳುತ್ತದೆ. ಅದು 1950ರಿಂದ ಈ ದೇಶದ ಕಾನೂನು. ನಮ್ಮ ಅಡುಗೆಮನೆಗೆ ಬಂದಾಗ ಮಾತ್ರ ಇದಕ್ಕೆ ಮಡಿ ಅಂತಲೋ ಶುಚಿ ಅಂತಲೋ ಹೆಸರಿಡುತ್ತೇವೆ. ಹಾಗಾಗಿ ನಿಮ್ಮ ಕೆಲಸ ಇಲ್ಲಿಂದಲೇ ಶುರುವಾಗಬೇಕು ಅಂತ ನನಗೆ ಅನ್ನಿಸುತ್ತದೆ. ಇದಕ್ಕೆ ದುಡ್ಡು ಬೇಕಿಲ್ಲ, ಆದರೆ ಸೀರೆ ಕೊಡುವುದಕ್ಕಿಂತ ಇದು ಕಷ್ಟ.

ಅತ್ತೆಯ ಜೊತೆ ವಾದಕ್ಕೆ ಇಳಿಯಬೇಡಿ. ಅವರು ಹುಟ್ಟಿ ಬೆಳೆದಿದ್ದೇ ಹಾಗೆ. ಈ ವಯಸ್ಸಿನಲ್ಲಿ ಸೊಸೆಯ ಬಾಯಲ್ಲಿ ಕಾನೂನು ಕೇಳಿಸಿಕೊಂಡು ಬದಲಾಗುವವರು ಕಡಿಮೆ. ಅವರಿಗೆ ಹೇಳಬೇಕಾದವರು ಅವರ ಮಗ. ಗಂಡನನ್ನು ಕೂರಿಸಿಕೊಂಡು ಹೇಳಿ, ‘ಈ ಮಾತು ನೀವೇ ಆಡಬೇಕು’ ಅಂತ. ಒಂದೇ ಥರದ ಅರ್ಧ ಡಜನ್ ಸ್ಟೀಲ್ ಲೋಟ ತಂದುಬಿಡಿ. ಎಲ್ಲರಿಗೂ ಅದರಲ್ಲೇ ಕಾಫಿ ಹಾಕಿ. ನಿಮ್ಮದೂ ಅದೇ, ಅವರದೂ ಅದೇ, ತೊಳೆದ ಮೇಲೆ ಎಲ್ಲವೂ ಒಂದೇ ಸ್ಟ್ಯಾಂಡಿಗೆ. ಅತ್ತೆಗೆ ತಮ್ಮ ಬೆಳ್ಳಿ ಲೋಟವೇ ಬೇಕು ಅಂದರೆ ಇಟ್ಟುಕೊಳ್ಳಲಿ ಬಿಡಿ. ತಮಗೊಂದು ಲೋಟ ಬೇರೆ ಇಟ್ಟುಕೊಳ್ಳುವುದರಿಂದ ಯಾರಿಗೂ ಅವಮಾನವಾಗುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಬೇಕು. ನಿಮ್ಮ ಮತ್ತು ಅತ್ತೆಯ ನಡುವಿನ ಜಗಳಕ್ಕೆ ಅವರನ್ನು ಎಳೆದು ತರಬೇಡಿ. ಅತ್ತೆಯ ಎದುರಿಗೇ ‘ಬನ್ನಿ, ಡೈನಿಂಗ್ ಟೇಬಲ್ ಮೇಲೆ ಕೂತುಕೊಳ್ಳಿ’ ಅಂತ ಒತ್ತಾಯ ಮಾಡಿದರೆ ಮುದುಡಿಹೋಗುವವರು ಅವರು. ನೀವು ಆಫೀಸಿಗೆ ಹೊರಟ ಮೇಲೆ ಅತ್ತೆಯ ಮುಖ ನೋಡಿಕೊಂಡು ಕೆಲಸ ಮಾಡಬೇಕಾದವರೂ ಅವರೇ ಅಲ್ವಾ? ಎಲ್ಲಿ ಕೂತು ಕುಡಿಯುವುದು ಅವರಿಗೆ ಹಿತ ಅಂತ ಅವರನ್ನೇ ಕೇಳಿ. ಅಲ್ಲೇ ನೀವೂ ಎರಡು ನಿಮಿಷ ಕೂತು ಕಾಫಿ ಕುಡಿಯಿರಿ.

ಮಗನನ್ನು ಮಾತ್ರ ಇವತ್ತೇ ತಿದ್ದಿ. ಏಳು ವರ್ಷದ ಹುಡುಗ ತಾಯಿಯ ವಯಸ್ಸಿನವರಿಗೆ ‘ನೀನು ಇಲ್ಲಿ ಒರೆಸಿಲ್ಲ’ ಅನ್ನುವುದನ್ನು ಕೇಳಿಕೊಂಡು ಇರಬೇಡಿ. ಆಂಟಿ ಅನ್ನಲಿ, ಅಕ್ಕ ಅನ್ನಲಿ, ಬನ್ನಿ ಹೋಗಿ ಅನ್ನಲಿ. ತಾನು ಚೆಲ್ಲಿದ್ದನ್ನು ತಾನೇ ಒರೆಸಲಿ. ಗಂಡಸರೂ ಮಕ್ಕಳೂ ತಿಂದ ತಟ್ಟೆಯಲ್ಲಿ ಕರಿಬೇವು, ಮೆಣಸಿನಕಾಯಿ ಹಾಗೇ ಬಿಟ್ಟು ಸಿಂಕಿಗೆ ಹಾಕದೆ ಒಂದು ಸಲ ನೀರಿನಲ್ಲಿ ತೊಳೆದಿಟ್ಟರೆ ಸಾಕು, ಅವರ ಕೆಲಸ ಎಷ್ಟೋ ಹಗುರವಾಗುತ್ತದೆ. ಮಿಕ್ಕ ಅಡುಗೆಯ ಬಗ್ಗೆ ಒಂದೇ ಮಾತು: ಆ ಹೊತ್ತಿಗೆ ನೀವು ತಿನ್ನುವಂತಿದ್ದರೆ ಕೊಡಿ. ಮೂರು ದಿನ ಫ್ರಿಜ್ಜಿನಲ್ಲಿದ್ದ ಸಾರು ಬೇಡ. ಬೆಳಿಗ್ಗೆ ಮಾಡಿದ ಉಪ್ಪಿಟ್ಟಿನಲ್ಲೇ ಒಂದು ತಟ್ಟೆ ಬಿಸಿಯಾಗಿ ಕೊಡಿ.

ಈಗ ದುಡ್ಡಿನ ಮಾತು. ಮನೆಗೆಲಸದವರಿಗೆ ಬ್ಯಾಂಕಿನಲ್ಲಿ ಸುಲಭಕ್ಕೆ ಸಾಲ ಹುಟ್ಟುವುದಿಲ್ಲ. ನೀವು ಇಲ್ಲ ಅಂದರೆ ಮುಂದಿನ ಬಾಗಿಲು ಬಡ್ಡಿಯವರದೋ ಮೈಕ್ರೋ ಫೈನಾನ್ಸಿನವರದೋ ಆಗಿರುತ್ತದೆ. ವಸೂಲಿ ಮಾಡುವವರ ಕಾಟ ತಾಳಲಾರದೆ ನಿಮ್ಮ ಪಕ್ಕದ ಚಾಮರಾಜನಗರ ಜಿಲ್ಲೆಯಲ್ಲೇ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟರು. ಅದನ್ನು ತಡೆಯಲು 2025ರಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಕೊಡುವ ಶಕ್ತಿ ಇದ್ದರೆ ಕೊಡಿ. ತಿಂಗಳಿಗೆ ಎಷ್ಟು ಮುರಿದುಕೊಳ್ಳಬೇಕು ಅಂತ ಅವರೇ ಹೇಳಲಿ. ಎರಡು ಪುಸ್ತಕದಲ್ಲಿ ಬರೆದು ಒಂದನ್ನು ಅವರ ಕೈಗೆ ಕೊಡಿ. ಆಮೇಲೆ ಅವರು ತಡವಾಗಿ ಬಂದ ದಿನ ‘ಅಷ್ಟು ದುಡ್ಡು ಕೊಟ್ಟಿದ್ದೇನೆ’ ಅನ್ನುವ ಮಾತು ಮನೆಯಲ್ಲಿ ಯಾರ ಬಾಯಿಂದಲೂ ಬರಬಾರದು. ಪೂರ್ತಿ ಕೊಡಲು ಆಗದಿದ್ದರೆ ಇಷ್ಟು ಆಗುತ್ತದೆ ಅಂತ ಹೇಳಿ. ಏನೂ ಆಗದಿದ್ದರೆ ಇಲ್ಲ ಅಂತ ನೇರವಾಗಿ ಹೇಳಿ. ನಾಳೆ ಬನ್ನಿ, ನಾಡಿದ್ದು ನೋಡೋಣ ಅಂತ ಅಲೆಸಬೇಡಿ. ಫೀಸಿನ ಕೊನೆಯ ದಿನ ಕಾಯುವುದಿಲ್ಲ.

ಪಕ್ಕದ ಮನೆಯವರ ಬೇಸರವನ್ನು ತಲೆಗೆ ಹಚ್ಚಿಕೊಳ್ಳಬೇಡಿ. ಮನೆಗೆಲಸವನ್ನು ಕನಿಷ್ಠ ವೇತನದ ಪಟ್ಟಿಗೆ ಮೊದಲಿಗೆ ಸೇರಿಸಿದ ರಾಜ್ಯಗಳಲ್ಲಿ ನಮ್ಮ ಕರ್ನಾಟಕವೂ ಒಂದು, ಅದೂ 2004ರಲ್ಲೇ. ಆದರೂ ಬೀದಿ ಬೀದಿಯಲ್ಲಿ ಸಂಬಳ ನಿಗದಿಯಾಗುವುದು ಪಕ್ಕದ ಮನೆಯವರು ಎಷ್ಟು ಕೊಡುತ್ತಾರೆ ಅನ್ನುವುದರ ಮೇಲೆ. ಬೆಲೆ ಎಲ್ಲ ಏರುತ್ತಿರುವಾಗ ಅವರ ಸಂಬಳ ಏರಿಸಿ ಎಷ್ಟು ದಿನವಾಯಿತು? ಅದನ್ನು ನೀವು ಪತ್ರದಲ್ಲಿ ಬರೆದಿಲ್ಲ. ವರ್ಷಕ್ಕೊಮ್ಮೆ ಕೇಳದೆಯೇ ಏರಿಸಿ. ಆಯುಧಪೂಜೆಗೋ ದೀಪಾವಳಿಗೋ ಒಂದು ತಿಂಗಳ ಸಂಬಳ ಬೋನಸ್ ಕೊಡಿ. ಹಳೆ ಸೀರೆಗಿಂತ ಅದು ಅವರಿಗೆ ಹೆಚ್ಚು ಬೇಕಾದದ್ದು, ಏನು ಕೊಳ್ಳಬೇಕು ಅನ್ನುವುದು ಅವರ ಕೈಯಲ್ಲೇ ಇರುತ್ತದೆ.

ಇನ್ನೊಂದು ಕೆಲಸಕ್ಕೆ ನಿಮ್ಮ ಅರ್ಧ ದಿನ ಕೊಡಿ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ ಸಾಕು. 18ರಿಂದ 70 ವರ್ಷದವರು ತಮ್ಮ ಬ್ಯಾಂಕ್ ಖಾತೆಯಿಂದಲೇ ಕಟ್ಟಬಹುದು. ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 2 ಲಕ್ಷ ರೂಪಾಯಿ ಬರುತ್ತದೆ. ಅಸಂಘಟಿತ ಕಾರ್ಮಿಕರಿಗಾಗಿ 2021ರಲ್ಲಿ ಶುರುವಾದ ಇ-ಶ್ರಮ್ ನೋಂದಣಿ 16ರಿಂದ 59 ವರ್ಷದವರಿಗೆ ಉಚಿತ. ಇವುಗಳ ಹೆಸರು ಕೇಳಿದವರು ಬಹಳ ಮಂದಿ, ಫಾರಂ ತುಂಬಲು ಜೊತೆಗೆ ಕೂರುವವರು ಕಡಿಮೆ. ಒಂದು ಶನಿವಾರ ಅವರ ಪಾಸ್‌ಬುಕ್, ಆಧಾರ್ ತರಿಸಿಕೊಂಡು ನೀವೇ ಜೊತೆಗೆ ಹೋಗಿ.

ಕೊನೆಗೆ ರಜೆ. ಅದರ ಬಗ್ಗೆ ನಿಮ್ಮ ಪತ್ರದಲ್ಲಿ ಒಂದು ಮಾತೂ ಇಲ್ಲ, ಬಹುಶಃ ರಜೆಯೇ ಇಲ್ಲ. ಮನೆಗೆಲಸದವರಿಗೆ ವಾರಕ್ಕೆ ಒಟ್ಟಿಗೆ 24 ಗಂಟೆ ವಿಶ್ರಾಂತಿ ಸಿಗಬೇಕು ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರಲ್ಲೇ ಹೇಳಿದೆ. ಮುಂದಿನ ಸಂಬಳ ಕೊಡುವ ದಿನ ಈ ಮಾತು ತೆಗೆಯಿರಿ. ವಾರಕ್ಕೊಂದು ದಿನ ರಜೆ, ಸಂಬಳ ಮುರಿಯುವುದಿಲ್ಲ ಅಂತ ಹೇಳಿ. ಯಾವ ದಿನ ಅನ್ನುವುದನ್ನು ಅವರೇ ಆರಿಸಿಕೊಳ್ಳಲಿ. ಭಾನುವಾರವೇ ಬೇಕು ಅಂದರೆ ಆ ದಿನದ ಪಾತ್ರೆ ನಿಮ್ಮ ಗಂಡ ತೊಳೆಯಲಿ, ಮಗ ಒರೆಸಿ ಜೋಡಿಸಲಿ.