ಎಷ್ಟು ಎಕರೆ ನಾಟಿ, ಎಕರೆಗೆ ಎಷ್ಟು ಚೀಲ?

ಸಿಂಧನೂರಿನ ಓದುಗರೇ,

ನಿಮ್ಮ ತಾಯಿಯ ಎರಡೂ ಮೊಣಕಾಲು ಸವೆದಿವೆ, ಕೀಲು ಬದಲಿಸಬೇಕು ಅಂದಿದ್ದಾರೆ. ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಖರ್ಚು ಕಡಿಮೆ, ಡಾಕ್ಟರು ಪರಿಚಯದವರು. ಹೈದರಾಬಾದಿನ ದೊಡ್ಡಾಸ್ಪತ್ರೆಯಲ್ಲಿ ಇದೇ ಆಪರೇಷನ್ ದಿನಾ ನಡೆಯುತ್ತದೆ. ಆದರೆ, 'ಅದು ಸಂತೆ ಇದ್ದಂಗೈತ್ರಿ, ಅಷ್ಟು ಮಂದ್ಯಾಗ ನಮ್ಮವ್ವನ್ನ ಯಾರ ನೋಡ್ತಾರ?' ಅಂತ ಬರೆದಿದ್ದೀರಿ.

ಮೊದಲು ಈ ಸಂತೆಯ ಮಾತು. ಮದುರೆಯ ಅರವಿಂದ ಕಣ್ಣಿನ ಆಸ್ಪತ್ರೆ 1976ರಲ್ಲಿ 11 ಹಾಸಿಗೆಯಿಂದ ಶುರುವಾಯಿತು. ಅಲ್ಲಿ ಒಬ್ಬರ ಪೊರೆ ತೆಗೆಯುವಷ್ಟರಲ್ಲಿ ಪಕ್ಕದ ಟೇಬಲ್ಲಿನ ಮೇಲೆ ಮುಂದಿನವರನ್ನು ಸಿದ್ಧ ಮಾಡಿಟ್ಟಿರುತ್ತಾರೆ. ನೋಡೋಕೆ ಸಂತೆಯೇ. ಆದರೆ ದಿನಾ ಅದೇ ಕೆಲಸ ಮಾಡಿ ಮಾಡಿ ಡಾಕ್ಟರದ್ದಷ್ಟೇ ಅಲ್ಲ, ನರ್ಸು, ಅರಿವಳಿಕೆ ಕೊಡೋರು, ಉಪಕರಣ ತೊಳೆಯೋರು ಎಲ್ಲರ ಕೈಯೂ ಪಳಗಿರುತ್ತದೆ, ಏನಾದರೂ ಎಡವಟ್ಟಾದರೆ ಬೇಗ ಕಣ್ಣಿಗೆ ಬೀಳುತ್ತದೆ. ಖರ್ಚು ಇಳಿಯುವುದೂ ಇದರಿಂದಲೇ.

ಇದು ಹಳೇ ವಿಷಯ. 1979ರಲ್ಲೇ ಅಮೆರಿಕದ 1,498 ಆಸ್ಪತ್ರೆಗಳ 12 ಬಗೆಯ ಆಪರೇಷನ್‌ಗಳನ್ನು ಲೆಕ್ಕ ಹಾಕಿ ನೋಡಿದ್ದರು. ತೆರೆದ ಹೃದಯದ ಸರ್ಜರಿಯಂಥವನ್ನು ವರ್ಷಕ್ಕೆ 200ಕ್ಕಿಂತ ಜಾಸ್ತಿ ಮಾಡುವ ಕಡೆ ಸಾವು ಕಡಿಮೆ. ಪಿತ್ತಕೋಶ ತೆಗೆಯುವುದರಲ್ಲಿ ಮಾತ್ರ ಅಂಥ ವ್ಯತ್ಯಾಸ ಕಾಣಲಿಲ್ಲ. ಅಂದರೆ ಎಲ್ಲದಕ್ಕೂ ಹೈದರಾಬಾದಿಗೆ ಓಡಬೇಕಿಲ್ಲ.

ಹಾಗಂತ ಬರೀ ಸಂಖ್ಯೆ ನಂಬಿ ಹೋಗಬೇಡಿ. ಭತ್ತದ ಸೀಮೆಯವರು ನೀವು. ಎಷ್ಟು ಎಕರೆ ನಾಟಿ ಮಾಡಿದೆ ಅಂತ ಒಬ್ಬ ಕೊಚ್ಚಿಕೊಂಡರೆ, ಎಕರೆಗೆ ಎಷ್ಟು ಚೀಲ ಬಂತು ಅಂತ ಕೇಳ್ತೀರಿ, ಅಲ್ವಾ? ಅದನ್ನೂ ಸುಮ್ನೆ ಹೋಲಿಸೋಕಾಗಲ್ಲ. ಕಾಲುವೆ ಮೇಲ್ಭಾಗದ ಹೊಲವೇ ಬೇರೆ, ನೀರು ಸರಿಯಾಗಿ ಮುಟ್ಟದ ಕೊನೆ ಭಾಗದ ಚೌಳು ಹೊಲವೇ ಬೇರೆ. ರೋಗಿಗಳೂ ಹಾಗೆ. ಸಕ್ಕರೆ ಕಾಯಿಲೆ, ವಯಸ್ಸು, ಹೃದಯದ ತೊಂದರೆ ಇರೋರನ್ನು ಹಿಂದಕ್ಕೆ ಕಳಿಸಿಬಿಟ್ಟರೆ ಯಾರ ಲೆಕ್ಕವಾದರೂ ಚೆನ್ನಾಗೇ ಕಾಣುತ್ತದೆ! ನ್ಯೂಯಾರ್ಕ್ ರಾಜ್ಯದವರು 1989ರಿಂದ ಹೃದಯದ ಬೈಪಾಸ್ ಸರ್ಜರಿಯ ಲೆಕ್ಕ ಇಟ್ಟು, ರೋಗಿ ಎಷ್ಟು ಹದಗೆಟ್ಟಿದ್ದರು ಅನ್ನುವುದನ್ನೂ ಸೇರಿಸಿ ಆಸ್ಪತ್ರೆವಾರು ಸಾವಿನ ಪ್ರಮಾಣ ಪ್ರಕಟಿಸಿದರು. ಆಮೇಲೆ ಅಲ್ಲಿ ಸಾವು ಇಳಿಯಿತು. ಡಾಕ್ಟರುಗಳು ಕಷ್ಟದ ಕೇಸು ಮುಟ್ಟಲು ಹೆದರುತ್ತಾರೆ ಅನ್ನೋ ದೂರೂ ಬಂತು.

ಮೊಣಕಾಲಿನಲ್ಲಿ ಚೀಲದ ಲೆಕ್ಕ ಅಂದರೆ, ಒಂದು ವರ್ಷದ ಮೇಲೆ ತಾಯಿ ನೋವಿಲ್ಲದೆ ಅಂಗಡಿಗೆ ನಡೆದು ಹೋಗಿ ಬರ್ತಾರಾ ಅನ್ನೋದು. 'ಆಪರೇಷನ್ ಸಕ್ಸಸ್' ಅಂತ ಚೀಟಿಯಲ್ಲಿ ಬರೆದದ್ದಲ್ಲ. ಸೋಂಕಾಗಿ ಮತ್ತೆ ಬಿಚ್ಚಬೇಕಾಗಿ ಬಂದರೆ ಮೊದಲು ಉಳಿಸಿದ ದುಡ್ಡು ಎಲ್ಲಿಗೂ ಸಾಲದು. ಕೀಲಿನ ಬೆಲೆಗೆ 2017ರಲ್ಲೇ ಕೇಂದ್ರ ಸರ್ಕಾರ ಮಿತಿ ಹಾಕಿದೆ, ಹಾಗಾಗಿ ಬಿಲ್ಲಿನಲ್ಲಿ ಕೀಲಿಗೆಷ್ಟು, ಉಳಿದದ್ದಕ್ಕೆಷ್ಟು ಅಂತ ಬಿಡಿಸಿ ಕೇಳಿ.

ಎರಡೂ ಕಡೆ ಇದನ್ನೇ ಕೇಳಿ: ನೀವೇ ಹೋದ ವರ್ಷ ಎಷ್ಟು ಮೊಣಕಾಲು ಮಾಡಿದಿರಿ, ಎಷ್ಟು ಜನರಿಗೆ ಸೋಂಕಾಯಿತು, ಎಷ್ಟು ಜನ ಮತ್ತೆ ಥಿಯೇಟರಿಗೆ ಬಂದರು? ಸಿಟ್ಟಾಗದೆ ಪುಸ್ತಕ ತೆರೆಯುವ ಡಾಕ್ಟರು ಊರಲ್ಲೇ ಸಿಕ್ಕರೆ, ನಾನಾದರೆ ಅಲ್ಲೇ ಮಾಡಿಸ್ತೀನಿ. ಆಮೇಲೆ ವಾರಗಟ್ಟಲೆ ಕಾಲು ಮಡಚಿ ಬಿಚ್ಚುವ ವ್ಯಾಯಾಮ ಇರುತ್ತದೆ, ಅದಕ್ಕೆ ಹೈದರಾಬಾದಿಗೆ ಓಡಾಡೋಕಾಗುತ್ತಾ? ಎಲ್ಲಿ ಮಾಡಿಸಿದರೂ ಡಿಸ್ಚಾರ್ಜ್ ಚೀಟಿ, ಹಾಕಿದ ಕೀಲಿನ ಸ್ಟಿಕ್ಕರ್ ಎರಡನ್ನೂ ರೇಷನ್ ಕಾರ್ಡಿನ ಜೊತೆ ಎತ್ತಿಡಿ.

— ಸಂ.