ಪ್ರತಿಕ್ರಿಯೆ: ಕೋಶಕೇಂದ್ರದ ಪೊರೆ ಒಮ್ಮೆ ಮರಳುತ್ತದೆ, ಇನ್ನೊಮ್ಮೆ ಏಕಿಲ್ಲ?

ಕೋಶ ಒಡೆದು ಎರಡಾಗುವಾಗಲೂ ಸಾಯುವಾಗಲೂ ಕೋಶಕೇಂದ್ರದ ಪೊರೆ ಹಾಳಾಗುತ್ತದೆ, ಹಾಗಿದ್ದರೆ ಒಂದರಲ್ಲಿ ಮಾತ್ರ ಅದು ಮತ್ತೆ ಕಟ್ಟಿಕೊಳ್ಳುವುದು ಹೇಗೆ ಎಂದು ಕೇಳಿದ್ದೀರಿ. ಪಠ್ಯಪುಸ್ತಕಗಳು ‘ಪೊರೆ ಮಾಯವಾಗುತ್ತದೆ’ ಎಂದು ಒಂದೇ ಸಾಲಿನಲ್ಲಿ ಮುಗಿಸುವುದರಿಂದಲೇ ಈ ಗೊಂದಲ.

ಗುಟ್ಟಿರುವುದು ಈ ಪೊರೆಯ ಒಳಪದರಕ್ಕೆ ಅಂಟಿಕೊಂಡ ಲ್ಯಾಮಿನ್ ಪ್ರೋಟೀನುಗಳ ಜಾಲದಲ್ಲಿ. ವಿಭಜನೆಯ ಹೊತ್ತಿಗೆ ಸಿಡಿಕೆ1 ಎಂಬ ಕಿಣ್ವ ಲ್ಯಾಮಿನ್‌ಗಳಿಗೆ ಫಾಸ್ಫೇಟ್ ಸೇರಿಸುತ್ತದೆ. ಜಾಲ ಬಿಡಿಬಿಡಿಯಾಗುತ್ತದೆ, ಆದರೆ ಲ್ಯಾಮಿನ್ ತುಂಡಾಗುವುದಿಲ್ಲ. ಅಂಗಿಯ ಗುಂಡಿ ಬಿಚ್ಚಿದಂತೆ, ಅಷ್ಟೇ. ಪೊರೆಯೂ ನಾಶವಾಗದೆ, ಕೋಶದೊಳಗಿನ ಪೊರೆಗಳ ಜಾಲವಾದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನಲ್ಲಿ ಬೆರೆತಿರುತ್ತದೆ. ವರ್ಣತಂತುಗಳು ಎರಡು ಪಾಲಾದ ಮೇಲೆ ಫಾಸ್ಫಟೇಸ್‌ ಎಂಬ ಕಿಣ್ವಗಳು ಆ ಫಾಸ್ಫೇಟನ್ನು ಕಿತ್ತುಹಾಕುತ್ತವೆ, ಪೊರೆ ವರ್ಣತಂತುಗಳ ಮೇಲೆ ಹಬ್ಬುತ್ತದೆ, ಪೊರೆಯ ರಂಧ್ರಗಳು ಮತ್ತೆ ಜೋಡಣೆಯಾಗುತ್ತವೆ, ಲ್ಯಾಮಿನ್ ಜಾಲವೂ ಹೆಣೆದುಕೊಳ್ಳುತ್ತದೆ.

ಅಪೊಪ್ಟೋಸಿಸ್‌ನಲ್ಲಿ, ಅಂದರೆ ಕೋಶ ತಾನೇ ಕ್ರಮವಾಗಿ ಸಾಯುವಾಗ, ಕೆಲಸ ಮಾಡುವವು ಕ್ಯಾಸ್ಪೇಸ್‌ಗಳು ಎಂಬ ಪ್ರೋಟೀನು ಕತ್ತರಿಸುವ ಕಿಣ್ವಗಳು. ಕ್ಯಾಸ್ಪೇಸ್-6 ಲ್ಯಾಮಿನ್ ಎ ಅಣುವನ್ನೇ ಕತ್ತರಿಸಿಬಿಡುತ್ತದೆ. ಕತ್ತರಿಸಿದ್ದನ್ನು ಕೂಡಿಸುವ ಕಿಣ್ವ ಕೋಶದಲ್ಲಿಲ್ಲ. ಕ್ರೊಮ್ಯಾಟಿನ್ (ಡಿಎನ್‌ಎ ಮತ್ತು ಅದಕ್ಕೆ ಅಂಟಿದ ಪ್ರೋಟೀನುಗಳು) ಕೋಶಕೇಂದ್ರದ ಅಂಚಿಗೆ ಒತ್ತಿ ಗಟ್ಟಿಯಾಗುತ್ತದೆ, ಕೋಶಕೇಂದ್ರ ಚೂರಾಗುತ್ತದೆ. ಸೋಜಿಗವೆಂದರೆ, ಆ ಚೂರುಗಳ ಸುತ್ತ ಪೊರೆ ಹಲವು ಬಾರಿ ಇನ್ನೂ ಉಳಿದಿರುತ್ತದೆ. ಹಾಗಾಗಿ ಇಲ್ಲಿ ‘ಮಾಯ’ ಎನ್ನುವುದು ಇನ್ನಷ್ಟು ತಪ್ಪು.

ಅಂದ ಹಾಗೆ, ಬೇಕರಿ ಯೀಸ್ಟ್‌ನಲ್ಲಿ ವಿಭಜನೆಯುದ್ದಕ್ಕೂ ಪೊರೆ ಕಳಚುವುದೇ ಇಲ್ಲ.